ಅಸುಂಡಿಯ ಚುಕ್ಕೆ

ನಾಲ್ಕು ದಿನದಿಂದ ಕಾಂಚನಾ ಒಂದೇ ಕೆಲಸದ ಬೆನ್ನು ಹತ್ತಿದ್ದಳು. ಗದಗಿನ ಸ್ಟೇಷನ್ ರಸ್ತೆಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಅವಳು ದುಡಿಯುವ ಟ್ರಸ್ಟಿನ ಕಚೇರಿ ಇತ್ತು. ಮೂರ್ಛೆರೋಗದವರಿಗೆ ಪುಕ್ಕಟೆ ಗುಳಿಗೆ ಕೊಡುವ ಟ್ರಸ್ಟು ಅದು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ತಿಂಗಳಿಗೊಂದೊಂದು ಶಿಬಿರ ನಡೆಸುತ್ತಿತ್ತು. ಹುಬ್ಬಳ್ಳಿಯಿಂದ ನರರೋಗದ ಡಾಕ್ಟರು ಬಂದು ನೋಡುತ್ತಿದ್ದರು.

ರೋಗಿಗೆ ಫಿಟ್ಸ್ ಬರುವ ಹೊತ್ತಿಗೆ ಡಾಕ್ಟರು ಎದುರಿಗೆ ಇರುವುದಿಲ್ಲ. ಆದ್ದರಿಂದ ಮನೆಯವರು ಆಗ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡು ಶಿಬಿರಕ್ಕೆ ತರಬೇಕೆಂದು ಹೇಳಿಕೊಟ್ಟಿದ್ದರು. ನಡುಕ ಯಾವ ಕೈಯಿಂದ ಶುರುವಾಯಿತು, ಕುತ್ತಿಗೆ ಯಾವ ಕಡೆ ತಿರುಗಿತು, ಎಷ್ಟು ಹೊತ್ತಿಗೆ ಎಚ್ಚರವಾಯಿತು ಎಂಬುದನ್ನೆಲ್ಲ ಅದರಲ್ಲಿ ನೋಡಿ ಡಾಕ್ಟರು ಗುಳಿಗೆ ಬರೆಯುತ್ತಿದ್ದರು. ಮೂರು ವರ್ಷಗಳಲ್ಲಿ ಇಂಥ ಮುನ್ನೂರ ಹನ್ನೆರಡು ವಿಡಿಯೊ ಸೇರಿದ್ದವು. ಕ್ಲೌಡಿನ ಒಂದು ಫೋಲ್ಡರಿನಲ್ಲಿ ಅವನ್ನು ಜೋಪಾನವಾಗಿ ಇಟ್ಟಿದ್ದರು. ಅದನ್ನು ತೆರೆದು ನೋಡುವ ಅಧಿಕಾರ ಡಾಕ್ಟರಿಗೆ ಮತ್ತು ಕಾಂಚನಾಳಿಗೆ ಮಾತ್ರ ಇತ್ತು.

ಕಾಂಚನಾ ಬೆಟಗೇರಿಯವಳು, ಇಪ್ಪತ್ತೇಳು ವರ್ಷ. ಗದಗಿನಲ್ಲೇ ಬಿಸಿಎ ಓದಿದ್ದಳು. ಟ್ರಸ್ಟಿನ ಕಂಪ್ಯೂಟರಿಗೆ ಸಂಬಂಧಪಟ್ಟದ್ದೆಲ್ಲ ಅವಳದೇ ಜವಾಬ್ದಾರಿ. ಕೆಲಸ ಕೈಕೊಟ್ಟರೆ ಕೇಳಲು ಮೇಲೊಬ್ಬರಿಲ್ಲ.

ದೇಣಿಗೆ ಕೊಡುವವರು ಈ ವರ್ಷ ಹೊಸದೊಂದು ಡೇಟಾ ಪ್ಲಾಟ್‌ಫಾರ್ಮ್ ಕೊಡಿಸಿದ್ದರು. ತೆರೆದರೆ ಜಿಲ್ಲೆಯ ನಕ್ಷೆ ಬರುತ್ತಿತ್ತು. ಊರಿಗೊಂದು ಹಳದಿ ಚುಕ್ಕೆ. ಚುಕ್ಕೆ ಒತ್ತಿದರೆ ಆ ಊರಿನಲ್ಲಿ ಎಷ್ಟು ರೋಗಿಗಳು, ಎಷ್ಟು ಜನರಿಗೆ ಫಿಟ್ಸ್ ನಿಂತಿದೆ ಎಂಬ ಲೆಕ್ಕ, ಅದರ ಕೆಳಗೆ ಒಬ್ಬೊಬ್ಬರ ದಾಖಲೆ, ಅವರವರ ವಿಡಿಯೊ. ಹೆಸರಿನ ಬದಲು ನಂಬರು. ಈ ಪ್ಲಾಟ್‌ಫಾರ್ಮು ಕ್ಲೌಡಿನಲ್ಲಿದ್ದ ಫೋಲ್ಡರನ್ನು ತಾನೇ ಓದಿಕೊಳ್ಳುವಂತೆ ಎರಡನ್ನೂ ಜೋಡಿಸಬೇಕಿತ್ತು. ಪ್ಲಾಟ್‌ಫಾರ್ಮಿನ ಹೆಸರಿನಲ್ಲಿ ಒಂದು ಖಾತೆ ತೆರೆದು, ಆ ಖಾತೆಗೆ ಓದುವ ಅನುಮತಿಯನ್ನಷ್ಟೇ ಕೊಟ್ಟು, ಫೋಲ್ಡರಿನ ವಿಳಾಸ ತುಂಬಬೇಕು. ಪ್ಲಾಟ್‌ಫಾರ್ಮಿನ ಜೊತೆ ಬಂದ ಪುಸ್ತಕದಲ್ಲಿ ಬರೆದಂತೆ ಕಾಂಚನಾ ಒಂದೊಂದಾಗಿ ಎಲ್ಲ ಮಾಡಿದ್ದಳು. ಪ್ರತಿ ಸಲವೂ ಕೆಂಪು ಅಕ್ಷರದಲ್ಲಿ ಒಂದೇ ಉತ್ತರ: ಅನುಮತಿ ಇಲ್ಲ.

ಐದನೆಯ ದಿನ ಶನಿವಾರ. ಹನ್ನೊಂದು ಗಂಟೆಗೆ ದೇಣಿಗೆಯವರು ಬರುವವರಿದ್ದರು. ಹತ್ತೂ ಮುಕ್ಕಾಲಿಗೆ ಮ್ಯಾನೇಜರ್ ವಿಶಾಲ ಅವಳ ಮೇಜಿನ ಬಳಿ ಬಂದು ನಿಂತ.

"ಆತೇನ್ರಿ?"

"ಇನ್ನೂ ಇಲ್ರಿ ಸರ್. ಎಲ್ಲೋ ಒಂದ್ ಕಡೆ ತಪ್ಪಾಗಾಕತ್ತೈತಿ, ಸಿಗವಲ್ದು."

"ನಾಲ್ಕ ದಿನದಿಂದ ಇದನ್ನ ಹೇಳಾಕತ್ತೀರಿ. ಅವರು ಕೆಳಗ ಕಾರ್ ನಿಲ್ಲಸಾಕತ್ತಾರ. ಖಾಲಿ ನಕ್ಷೆ ತೋರಸೂಣೇನು ಅವರಿಗೆ?"

ಅವನು ಹೊರಗೆ ಹೋದ. ಕಾಂಚನಾ ಫೋಲ್ಡರಿನ ಸೆಟ್ಟಿಂಗಿಗೆ ಹೋದಳು. ಅಲ್ಲಿ ಮೂರು ಆಯ್ಕೆಗಳಿದ್ದವು. ಕೊನೆಯದು: ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು. ಮೀಟಿಂಗ್ ಮುಗಿದ ಕೂಡಲೇ ಮುಚ್ಚಿಬಿಟ್ಟರಾಯಿತು ಎಂದುಕೊಂಡು ಅದನ್ನು ಒತ್ತಿದಳು. ನಕ್ಷೆಯ ತುಂಬ ಹಳದಿ ಚುಕ್ಕೆಗಳು ಒಂದರ ಹಿಂದೊಂದು ಹೊತ್ತಿಕೊಂಡವು.

ಮೀಟಿಂಗ್ ಚೆನ್ನಾಗಿಯೇ ಆಯಿತು. ಬಂದವರು ಕಾಂಚನಾಳ ಹೆಸರು ಕೇಳಿ ತಿಳಿದು, ಹೊಗಳಿ, ಉಪ್ಪಿಟ್ಟು ತಿಂದು ಹೋದರು. ಈ ನಕ್ಷೆಯನ್ನು ಆಯಾ ಊರಿನ ಆಶಾ ಕಾರ್ಯಕರ್ತೆಯರಿಗೂ ಪಂಚಾಯ್ತಿ ಮೆಂಬರುಗಳಿಗೂ ಕಳಿಸಿ, ಅವರಿಗೂ ಹುರುಪು ಬರುತ್ತದೆ ಎಂದು ಹೋಗುವಾಗ ಹೇಳಿದರು. ವಿಶಾಲ ಅಂದು ಸಂಜೆಯೇ ಎಲ್ಲ ವಾಟ್ಸಾಪ್ ಗ್ರೂಪುಗಳಿಗೆ ಲಿಂಕ್ ಹಾಕಿದ. ಹಾಕಿದ್ದೇನೆ ಎಂದು ಕಾಂಚನಾಳಿಗೂ ಹೇಳಿದ. ಅವಳಾಗ ಮುಂಡರಗಿ ಶಿಬಿರಕ್ಕೆ ಒಯ್ಯುವ ಗುಳಿಗೆಗಳನ್ನು ಎಣಿಸಿ ಡಬ್ಬಿಗೆ ತುಂಬುತ್ತಿದ್ದಳು. ಹೂಂ ಅಂದಳು. ನಕ್ಷೆಯಲ್ಲಿ ಯಾರ ಹೆಸರೂ ಇರಲಿಲ್ಲವಲ್ಲ ಎಂಬ ಧೈರ್ಯ. ಹೆಸರು ತೆಗೆದಿದ್ದರು ನಿಜ. ವಿಡಿಯೊದಲ್ಲಿ ಮುಖ ಇರುತ್ತದೆ ಎಂಬುದು ಆ ಗಳಿಗೆಯಲ್ಲಿ ಅವಳಿಗೂ ಹೊಳೆಯಲಿಲ್ಲ, ವಿಶಾಲನಿಗೂ ಹೊಳೆಯಲಿಲ್ಲ. ಮುಂಡರಗಿ ಆದ ಮೇಲೆ ಶಿರಹಟ್ಟಿ, ಶಿರಹಟ್ಟಿ ಆದ ಮೇಲೆ ಲಕ್ಷ್ಮೇಶ್ವರ. ಫೋಲ್ಡರು ತೆರೆದೇ ಇತ್ತು.

ಒಂಬತ್ತನೆಯ ದಿನ ಅಸುಂಡಿಯ ಆಶಾ ಕಾರ್ಯಕರ್ತೆ ರಹಿಮತಬಿಯ ಫೋನ್ ಬಂತು.

"ಮೇಡಮ್ಮಾರ, ನಮ್ಮೂರ ದುರಗವ್ವನ ಮಗಳು ಸೀಮಾ ಅದಾಳಲ್ರಿ, ಆಕಿಗೆ ಫಿಟ್ಸ್ ಬಂದಿದ್ದ ವಿಡಿಯೊ ಊರ ತುಂಬ ಹರದಾಡಾಕತ್ತೈತ್ರಿ. ಮುಂಜಾನಿಯಿಂದ ನನ್ನ ಫೋನಿಗೇ ಮೂರ್ ಸಲ ಬಂತು."

"ಯಾವ ವಿಡಿಯೊ, ಅಕ್ಕಾ?"

"ಅದರ ಕೆಳಗ ಒಂದು ನಂಬರ ಐತ್ರಿ. ಶಿಬಿರದಾಗ ಚೀಟಿ ಮ್ಯಾಲ ನಾವು ಬರೀತೀವಲ್ಲ, ಅಂಥಾ ನಂಬರ. ಮಂದಿಗೆ ಅದು ತಿಳಿಯಂಗಿಲ್ಲ. ನಾ ದಿನಾ ಬರಿಯಾಕಿ, ನನಗ ತಿಳೀತು. ಅದಕ್ಕ ಮೊದಲ ನಿಮಗ ಫೋನ್ ಹಚ್ಚೀನಿ."

 ಕಾಂಚನಾ ಮೊದಲು ಫೋಲ್ಡರ್ ಮುಚ್ಚಿದಳು. ಮುಚ್ಚಲು ಎರಡು ಸೆಕೆಂಡು ಸಾಕಾಯಿತು. ಆಮೇಲೆ ಯಾವ ವಿಡಿಯೊ ಎಷ್ಟು ಸಲ ತೆರೆದಿದೆ ಎಂಬ ದಾಖಲೆ ತೆಗೆದಳು. ನಲವತ್ತೊಂದು ವಿಡಿಯೊಗಳನ್ನು ಹೊರಗಿನವರು ನೋಡಿದ್ದರು. ಹೆಚ್ಚಿನವು ಒಂದೆರಡು ಸಲ. ಅಸುಂಡಿಯ ಏಳನೆಯ ನಂಬರಿನದು ಮಾತ್ರ ನೂರ ನಲವತ್ತಾರು ಸಲ ತೆರೆದಿತ್ತು. ಯಾರು ಎಂದು ಇರಲಿಲ್ಲ, ಹೊತ್ತು ಮಾತ್ರ ಇತ್ತು. ಶನಿವಾರ ಸಂಜೆ ಲಿಂಕ್ ಹೋದ ಇಪ್ಪತ್ತು ನಿಮಿಷಕ್ಕೆ ಮೊದಲ ಸಲ.

ಆ ದಾಖಲೆಯನ್ನು ಹಾಳೆಗಳಲ್ಲಿ ಮುದ್ರಿಸಿ ಅವಳು ವಿಶಾಲನ ಮುಂದಿಟ್ಟಳು. ಅವನ ಮುಖ ಇಳಿಯಿತು. ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ಈಗ ಮುಚ್ಚೀರಲ್ಲ?"

"ಮುಚ್ಚೀನ್ರಿ."

"ಹಂಗಾರ ಸುಮ್ಮನಿರ್ರಿ. ರಹಿಮತಬಿ ಕೂಡ ನಾ ಮಾತಾಡ್ತೀನಿ. ಊರಾಗ ಏನಂತಾರಂತ?"

"ದುರಗವ್ವನ ಫೋನಿಂದನ ಹೋಗೇತಿ ಅನ್ನಾಕತ್ತಾರಂತ. ವಿಡಿಯೊ ಮಾಡಿದಾಕಿ ಆಕಿನ ಅಲ್ಲೇನ್ರಿ?"

"ಹೌದಲ್ಲ ಮತ್ತ. ನಾವ್ಯಾಕ ನಡುವ ಹೋಗೂದು? ಆ ತೆರೆದ ಲೆಕ್ಕ ಎಷ್ಟ ದಿನ ಇರತೈತಿ?"

"ಮೂವತ್ತ ದಿನ. ಆಮ್ಯಾಲ ತಾನ ಅಳಿಸಿ ಹೋಗತೈತಿ."

"ಮೂವತ್ತ ದಿನ ಎಷ್ಟರದು, ಹೋಗಿಬಿಡ್ತಾವ. ಕಾಂಚನಾ, ವಿಚಾರ ಮಾಡ್ರಿ. ಇದು ಹೊರಗ ಬಂತಂದ್ರ ಟ್ರಸ್ಟ ಮುಚ್ಚತೈತಿ. ಇನ್ನೂರೈವತ್ತು ಮಂದಿಗೆ ಗುಳಿಗಿ ಯಾರು ಕೊಡತಾರ? ನೀವು ಕೊಡತೀರೇನು?"

ಅವನು ಕೆಟ್ಟ ಮನುಷ್ಯನಲ್ಲ. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಅದಕ್ಕೇ ಕಾಂಚನಾ ಎರಡು ದಿನ ಸುಮ್ಮನಿದ್ದಳು. ಆ ಎರಡು ದಿನ ಬೆಟಗೇರಿಯ ಮನೆಯಲ್ಲಿ ಅವಳ ತಾಯಿ ರೊಟ್ಟಿ ಬಡಿದು ತಾಟಿಗೆ ಹಾಕಿದರೆ ಅರ್ಧ ಮುರಿದು ಅಲ್ಲೇ ಬಿಟ್ಟೇಳುತ್ತಿದ್ದಳು. ಮೈಯಲ್ಲಿ ಹುಷಾರಿಲ್ಲೇನು ಎಂದು ತಾಯಿ ಕೇಳಿದರೆ ಕೆಲಸ ಜಾಸ್ತಿ ಅನ್ನುತ್ತಿದ್ದಳು. ಪ್ಲಾಟ್‌ಫಾರ್ಮ್ ಮಾಡಿದ ಕಂಪನಿಯ ಸಹಾಯವಾಣಿಯಿಂದ ಒಬ್ಬಾತ ಫೋನಿನಲ್ಲೇ ನೋಡಿ ಜೋಡಣೆಯ ತಪ್ಪು ಹಿಡಿದುಕೊಟ್ಟದ್ದೂ ಆ ದಿನಗಳಲ್ಲೇ. ಅವಳು ಓದುವ ಅನುಮತಿ ಕೊಟ್ಟದ್ದು ಹೊರಗಿನ ಫೋಲ್ಡರಿಗೆ. ವಿಡಿಯೊಗಳಿದ್ದ ಒಳಗಿನ ಫೋಲ್ಡರಿಗೆ ಅದು ತಲುಪಿರಲಿಲ್ಲ. ಸರಿ ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಈ ಫೋನನ್ನು ಆ ಶನಿವಾರಕ್ಕೆ ಒಂದು ದಿನ ಮೊದಲು ಮಾಡಿದ್ದರೆ ಎಂದು ಅವಳಿಗೆ ಅನ್ನಿಸಿತು, ಅನ್ನಿಸುತ್ತಲೇ ಇತ್ತು.

ಮೂರನೆಯ ದಿನ ರಹಿಮತಬಿಯೇ ಮತ್ತೆ ಫೋನ್ ಮಾಡಿದಳು. "ದುರಗವ್ವ ಉಣ್ಣೂದ ಬಿಟ್ಟಾಳ್ರಿ. ಮಗಳು ಆಕಿ ಕೂಡ ಮಾತು ಬಿಟ್ಟಾಳ. ವಿಶಾಲ ಸರ್ ನನಗ ಸುಮ್ಮನಿರು ಅಂದ್ರು. ನಾ ಎಷ್ಟ ದಿನ ಸುಮ್ಮನಿರ್ಲಿ, ನೀವ ಹೇಳ್ರಿ."

ಕಾಂಚನಾ ಅರ್ಧ ದಿನ ರಜೆ ಬರೆದಿಟ್ಟು, ದಾಖಲೆಯ ಹಾಳೆಗಳನ್ನೂ ಒಂದು ತಿಂಗಳ ಗುಳಿಗೆಯನ್ನೂ ಚೀಲಕ್ಕೆ ಹಾಕಿಕೊಂಡು ಅಸುಂಡಿಯ ಬಸ್ಸು ಹತ್ತಿದಳು.

ರಹಿಮತಬಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ದುರಗವ್ವನ ಮನೆಗೆ ಹೋಗುವ ದಾರಿಯಲ್ಲಿ ಕಟ್ಟೆಯ ಮೇಲೆ ಕುಳಿತವರು ಮಾತು ನಿಲ್ಲಿಸಿ ಇವರನ್ನು ನೋಡಿದರು. ಮನೆಯ ಮುಂದೆ ಶೇಂಗಾ ಹರವಿತ್ತು. ದುರಗವ್ವ ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಕಾಂಚನಾಳನ್ನು ಶಿಬಿರದಲ್ಲಿ ನೋಡಿದ ಗುರುತಿತ್ತು. ತಟ್ಟನೆ ಎದ್ದಳು.

"ಬರ್ರಿ ಯವ್ವಾ, ಕುಂಡ್ರಿ. ನಿಮಗೂ ಖಬರ ಬಂತೇನು? ನನ್ನ ಕೈಯಾರ ಮಗಳ ಮಾನ ಕಳದೀನಿ ನೋಡ್ರಿ. ಡಾಕ್ಟರು ಹೇಳ್ಯಾರಂತ ವಿಡಿಯೊ ಮಾಡಿದೆ. ನನಗ ಅಕ್ಷರ ಬರೂದಿಲ್ಲ. ಯಾವ ಗುಂಡಿ ಒತ್ತಿದ್ನೋ, ಯಾರಿಗೆ ಹೋತೋ. ಆ ಫೋನ್ ಟ್ರಂಕಿನಾಗ ಹಾಕಿ ಕೀಲಿ ಹಾಕೀನಿ."

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಕಾಂಚನಾ ಜೋಡಿಸಿಕೊಂಡು ಬಂದಿದ್ದಳು. ಅದೆಲ್ಲ ಮರೆತುಹೋಯಿತು.

"ನಿಮ್ಮ ಫೋನಿಂದ ಹೋಗಿಲ್ರಿ. ನನ್ನ ಕೈಯಿಂದ ಹೋಗೇತಿ."

ದುರಗವ್ವನಿಗೆ ತಿಳಿಯಲಿಲ್ಲ. ಕಾಂಚನಾ ಬಿಡಿಸಿ ಹೇಳಿದಳು. ವಿಡಿಯೊಗಳನ್ನೆಲ್ಲ ಎಲ್ಲಿ ಇಟ್ಟಿದ್ದರು, ಅಂದು ಜೋಡಣೆ ಆಗದ್ದಕ್ಕೆ ತಾನೇನು ಮಾಡಿದಳು, ಎಷ್ಟು ದಿನ ಮರೆತಳು, ಲಿಂಕ್ ಯಾರಿಗೆಲ್ಲ ಹೋಗಿತ್ತು. ಕೇಳುತ್ತ ಕೇಳುತ್ತ ದುರಗವ್ವನ ಮುಖ ಒಂದು ಗಳಿಗೆ ಹಗುರಾಯಿತು, ನಾನಲ್ಲ, ಹಂಗಾರ ನಾನಲ್ಲ, ಎಂದು ತುಟಿ ಅಲ್ಲಾಡಿತು. ಆಮೇಲೆ ಆ ಮುಖ ಕಲ್ಲಾಯಿತು. ನೀರು ತರಲು ಕೈಗೆತ್ತಿಕೊಂಡಿದ್ದ ತಂಬಿಗೆಯನ್ನು ಅವಳು ತಿರುಗಿ ಕೆಳಗಿಟ್ಟಳು.

"ಸೀಮಾ, ಹೊರಗ ಬಾ," ಎಂದು ಒಳಗೆ ನೋಡಿ ಕರೆದಳು. "ಇವ್ರು ಹೇಳೂದ ಕೇಳು."

ಸೀಮಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇಪ್ಪತ್ತೆರಡರ ಹುಡುಗಿ, ಎತ್ತರ. ಬೆಟಗೇರಿಯಲ್ಲಿ ರೆಡಿಮೇಡ್ ಬಟ್ಟೆ ಹೊಲಿಯುವ ಕಡೆ ಎರಡು ವರ್ಷದಿಂದ ಕೆಲಸಕ್ಕೆ ಹೋಗುತ್ತಿದ್ದಳು. ಹದಿನಾಲ್ಕು ತಿಂಗಳಿಂದ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿತ್ತು. ಮಷಿನಿನ ಮೇಲೆ ಬಿದ್ದರೆ ಯಾರು ಜವಾಬ್ದಾರಿ ಎಂದು ಅವಳನ್ನು ಮನೆಗೆ ಕಳಿಸಿದ್ದರು. ಮರಳಿ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವಳು ಎದ್ದು, ಊರಿನವರೆಗೂ ನಿಂತೇ ಬಂದಿದ್ದಳಂತೆ.

ಅವಳು ಅಳಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಎಷ್ಟ ಮಂದಿ ನೋಡ್ಯಾರ?"

"ನಮ್ಮ ಕಡಿಂದ ನೂರಾ ನಲವತ್ತಾರು ಸಲ ತೆರದೈತಿ. ಆಮ್ಯಾಲ ಫೋನಿಂದ ಫೋನಿಗೆ ಹೋಗಿದ್ದು ನನಗ ಗೊತ್ತಾಗಂಗಿಲ್ಲ."

"ಅದನ್ನ ಅಳಸಾಕ ಬರತೈತೇನು?"

"ನಮ್ಮ ಕಡೆ ಇದ್ದಿದ್ದು ಬರತೈತಿ. ಮಂದಿ ಫೋನಿನಾಗಿಂದು ಬರಂಗಿಲ್ಲ." ಕಾಂಚನಾ ಚೀಲದಿಂದ ದಾಖಲೆಯ ಹಾಳೆಗಳನ್ನು ತೆಗೆದಳು. "ಪೊಲೀಸರಿಗೆ ಬರದು ಕೊಟ್ರ ತಗಸಬಹುದು. ನಾ ಬಂದು ಹೇಳಿಕಿ ಕೊಡತೀನಿ. ನನ್ನ ತಪ್ಪು ಅಂತನೂ ಹೇಳತೀನಿ."

"ಪೊಲೀಸ್ರೂ ನೋಡತಾರಲ್ಲ ಅದನ್ನ. ಕೋರ್ಟಿನಾಗ ಮತ್ತ ಹತ್ತ ಮಂದಿ ನೋಡತಾರ. ಬ್ಯಾಡ." ಅವಳು ಮತ್ತೆ ಕೇಳಿದಳು, "ಅದು ನಿಮ್ಮ ಕಡೆ ಐತೇನು ಈಗ?"

"ಐತಿ."

"ನನಗ ತೋರಸ್ರಿ."

ದುರಗವ್ವ ಬೇಡವೆಂದು ಕೈ ಅಡ್ಡ ಮಾಡಿದಳು. ಸೀಮಾ ತಾಯಿಯ ಕಡೆ ನೋಡದೆಯೇ ಹೇಳಿದಳು, "ಊರ ಮಂದಿಯೆಲ್ಲ ನೋಡ್ಯಾರ. ನಾನೊಬ್ಬಾಕಿನ ನೋಡಿಲ್ಲ. ಆವಾಗ ನನಗ ಎಚ್ಚರನ ಇರಂಗಿಲ್ಲ. ನಾ ಹೆಂಗ ಕಾಣತೀನಿ ಅಂತ ನನಗ ಗೊತ್ತಾಗ್ಬೇಕು."

ಕಾಂಚನಾ ತನ್ನ ಫೋನಿನಲ್ಲಿ ಅದನ್ನು ತೆರೆದು ಅವಳ ಕೈಗೆ ಕೊಟ್ಟಳು. ಒಂದು ನಿಮಿಷ ಐವತ್ತು ಸೆಕೆಂಡಿನ ವಿಡಿಯೊ. ಇದೇ ಮನೆಯ ಪಡಸಾಲೆ. ನೆಲದ ಮೇಲೆ ಸೀಮಾ. ಬಲಗೈ ಮೊದಲು ಸೆಟೆದುಕೊಂಡಿತು, ಆಮೇಲೆ ಕುತ್ತಿಗೆ, ಆಮೇಲೆ ಇಡೀ ಮೈ. ಬಾಯಲ್ಲಿ ನೊರೆ. ಬಟ್ಟೆ ಸರಿದಿತ್ತು, ಒದ್ದೆಯಾಗಿತ್ತು. ಚಿತ್ರ ನಡುಗುತ್ತಿತ್ತು. ಅದರೊಳಗಿಂದ ದುರಗವ್ವನ ದನಿ ಮತ್ತೆ ಮತ್ತೆ ಕೇಳಿಸಿತು: "ಇಲ್ಲೇ ಅದೀನಿ ನನ್ನವ್ವ. ಇಲ್ಲೇ ಅದೀನಿ. ಈಗ ಹೋಗತೈತಿ. ಇಲ್ಲೇ ಅದೀನಿ."

ಸೀಮಾ ಕೊನೆಯವರೆಗೂ ನೋಡಿದಳು. ನೋಡಿದ ಮೇಲೆ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕುಳಿತಳು. ರಹಿಮತಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಬೀದಿಯ ಕಡೆ ಮುಖ ಮಾಡಿದಳು. ದುರಗವ್ವ ಮಗಳ ಹತ್ತಿರ ಬರಲು ಹೆಜ್ಜೆ ಎತ್ತಿ, ಧೈರ್ಯ ಸಾಲದೆ ಅಲ್ಲೇ ನಿಂತಳು.

"ಅಳಸ್ರಿ," ಅಂದಳು ಸೀಮಾ. "ನನ್ನ ಕಣ್ಣ ಮುಂದ."

ಕಾಂಚನಾ ಅಳಿಸಿದಳು. ಅಳಿಸಿದ ಜಾಗವನ್ನು ತೋರಿಸಿದಳು.

"ಉಳದವ್ರದು? ಅವ್ರಿಗೆ ಗೊತ್ತೈತೇನು?"

"ಇಲ್ಲ. ಇನ್ನೂ ನಲವತ್ತ ಮಂದಿ ಅದಾರ."

"ಅವ್ರಿಗೂ ಮನಿಮನಿಗೆ ಹೋಗಿ ಹಿಂಗ ಹೇಳತೀರೋ, ಇಲ್ಲಾ ನನ್ನಂಗ ಮಂದಿ ಬಾಯಿಲೆ ಕೇಳಬೇಕೋ ಅವರು?"

ಕಾಂಚನಾ ಗುಳಿಗೆಯ ಪೊಟ್ಟಣ ತೆಗೆದು ಹೊಸ್ತಿಲ ಮೇಲಿಟ್ಟಳು. "ನಿಮ್ಮ ಗುಳಿಗಿ ಮುಗದು ಆರ ದಿನ ಆಗಿರಬೇಕು. ಇದೊಂದನ್ನ ಬಿಡಬ್ಯಾಡ್ರಿ."

"ಗುಳಿಗಿ ತಗೊಂಡ್ರ ಫಿಟ್ಸ್ ನಿಲ್ತಾವ. ಮಂದಿ ಬಾಯಿ ನಿಲ್ತೈತೇನ್ರಿ?" ಅಂದು ಸೀಮಾ ಒಳಗೆ ಹೋದಳು. ಪೊಟ್ಟಣವನ್ನು ಎತ್ತಿಕೊಂಡದ್ದು ದುರಗವ್ವ.

ಗದಗಿಗೆ ಮರಳಿದವಳೇ ಕಾಂಚನಾ ಹುಬ್ಬಳ್ಳಿಯ ಡಾಕ್ಟರಿಗೂ ಟ್ರಸ್ಟಿನ ಹಿರಿಯರಿಗೂ ಪತ್ರ ಬರೆದಳು. ದಾಖಲೆಯ ಹಾಳೆಗಳನ್ನು ಜೊತೆಗಿಟ್ಟಳು. ಶನಿವಾರ ತಾನು ಒತ್ತಿದ ಆಯ್ಕೆ ಯಾವುದು ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿದಳು. ಅದರ ಪ್ರತಿ ಓದಿದ ವಿಶಾಲ ಅಂದಿನಿಂದ ಅವಳ ಮೇಜಿನ ಬಳಿ ನಿಲ್ಲುವುದನ್ನು ಬಿಟ್ಟ. ಡಾಕ್ಟರು ಮಾತ್ರ ಫೋನ್ ಮಾಡಿ, ನಲವತ್ತೂ ಮನೆಗೆ ಹೋಗಿ ಹೇಳಬೇಕು, ಬೇಕಾದರೆ ನಾನೂ ಬರುತ್ತೇನೆ ಅಂದರು. ಮಾತಿನಂತೆ ಲಕ್ಷ್ಮೇಶ್ವರಕ್ಕೆ ಬಂದರು ಕೂಡ.

ತಿಂಗಳು ಹಿಡಿಯಿತು. ಶಿರಹಟ್ಟಿಯಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲು ತೆರೆದು, ಮಾತು ಅರ್ಧಕ್ಕೆ ಬಂದಾಗ ಬಾಗಿಲು ಹಾಕಿದಳು. ಅವಳ ಗಂಡನಿಗೆ ರೋಗದ ವಿಷಯವೇ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಲಕ್ಷ್ಮೇಶ್ವರದಲ್ಲಿ ಒಬ್ಬ ಮುದುಕ, ನನ್ನದನ್ನು ಯಾರು ನೋಡುತ್ತಾರೆ ಬಿಡ್ರಿ ಎಂದು ನಕ್ಕು ಚಹಾ ಕುಡಿಸಿದ. ಹಿರೇವಡ್ಡಟ್ಟಿಯ ಗಾಳೆಪ್ಪ ಮಗಳನ್ನು ಒಳಗೆ ಕಳಿಸಿ ಎಲ್ಲ ಕೇಳಿದ. ಎಂಟು ವರ್ಷದ ಅವನ ಮಗಳ ವಿಡಿಯೊ ಎರಡು ಸಲ ತೆರೆದಿತ್ತು.

"ಈಗ ಅದನ್ನ ಅಳಸತೀರೇನ್ರಿ?" ಎಂದು ಕೇಳಿದ.

"ನೀವು ಹೇಳಿದ್ರ ಅಳಸತೀನಿ."

"ಅಳಸಿದ್ರ ಡಾಕ್ಟರಿಗೆ ಹೆಂಗ ತಿಳೀತೈತಿ ಆಕಿಗೆ ಏನಾಗತೈತಂತ?" ಅವನ ದನಿ ಏರಿತು. "ಇಟ್ರ ಮಂದಿ ನೋಡತಾರ, ಅಳಸಿದ್ರ ಡಾಕ್ಟರ್ ನೋಡೂದಿಲ್ಲ. ಬಡವ ಎತ್ತಾಗ ಹೋಗಬೇಕು? ನೀವು ಕಲತವ್ರು ಅದೀರಿ, ನೀವ ಹೇಳ್ರಿ."

ಈಗ ಸರಿಯಾಗಿ ಜೋಡಿಸಿದ್ದೇವೆ, ಹೊರಗಿನವರಿಗೆ ತೆರೆಯುವುದಿಲ್ಲ ಎಂದು ಕಾಂಚನಾ ಹೇಳಿದಳು. ಹೇಳುವಾಗಲೇ ತನ್ನ ಮಾತಿಗೆ ಈಗ ಎಷ್ಟು ತೂಕವಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಗಾಳೆಪ್ಪ ಅಳಿಸಬೇಡಿ ಅಂದ. ಉಳಿದವರಲ್ಲಿ ಇಪ್ಪತ್ತಾರು ಜನ ಅಳಿಸಿ ಅಂದರು.

ಟ್ರಸ್ಟು ಮುಚ್ಚಲಿಲ್ಲ. ನಕ್ಷೆಯಿಂದ ದಾಖಲೆಗಳನ್ನು ತೆಗೆದು ಬರಿ ಲೆಕ್ಕ ಉಳಿಸಿದರು. ಫೋಲ್ಡರಿನ ಅಧಿಕಾರ ಕಾಂಚನಾಳಿಂದ ತಪ್ಪಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಯಿತು. ಅವಳನ್ನು ಶಿಬಿರದಲ್ಲಿ ಹೆಸರು ಬರೆಯುವ ಮೇಜಿಗೆ ಕೂರಿಸಿದರು. ಕೆಲಸ ಬಿಡುತ್ತೇನೆ ಎಂದು ಅವಳೇ ಒಮ್ಮೆ ಹೇಳಿದಾಗ ಡಾಕ್ಟರು, ಬಿಟ್ಟು ಹೋಗುವುದು ಸಲೀಸು, ಇದ್ದು ಮಾಡಿ ಅಂದಿದ್ದರು. ಗದಗಿನ ಶಿಬಿರಕ್ಕೆ ಅರವತ್ತು ಜನ ಬರುತ್ತಿದ್ದಲ್ಲಿ ಆ ತಿಂಗಳು ಮೂವತ್ತನಾಲ್ಕು ಬಂದರು.

ಮುಂದಿನ ತಿಂಗಳ ಶಿಬಿರಕ್ಕೆ ಸೀಮಾ ಬಂದಳು. ಜೊತೆಗೆ ದುರಗವ್ವ ಇದ್ದಳು. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಬಲ ಹುಬ್ಬಿನ ಮೇಲೆ ಸೀಮಾಳಿಗೆ ಹೊಲಿಗೆ ಹಾಕಿದ ಗಾಯ. ನಡುವೆ ಗುಳಿಗೆ ಬಿಟ್ಟ ದಿನಗಳ ಫಲ, ಹಿತ್ತಲ ಕಲ್ಲಿನ ಮೇಲೆ ಬಿದ್ದಿದ್ದಳೆಂದು ರಹಿಮತಬಿ ಹೇಳಿದ್ದಳು. ಕೆಲಸ ಮತ್ತೆ ಸಿಕ್ಕಿರಲಿಲ್ಲ. ಮನೆಯಲ್ಲೇ ಹಳೆಯ ಮಷಿನಿನಲ್ಲಿ ರವಿಕೆ ಹೊಲಿಯುತ್ತಿದ್ದಳು, ಕೊಡುವವರು ಕಡಿಮೆ.

ಸರದಿ ಬಂದಾಗ ಅವಳು ಕಾಂಚನಾಳ ಮೇಜಿನ ಮುಂದೆ ನಿಂತು ಚೀಟಿ ಕೊಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಳಗಿನಿಂದ ಡಾಕ್ಟರು ಕೇಳಿದರು, ಈ ಸಲ ಫಿಟ್ಸ್ ಯಾವ ಕೈಯಿಂದ ಶುರುವಾಯಿತು, ವಿಡಿಯೊ ಏನಾದರೂ ಇದೆಯೇ ಎಂದು.

"ಇಲ್ರಿ," ಅಂದಳು ಸೀಮಾ. "ಅವ್ವ ಫೋನ್ ಮುಟ್ಟಿಲ್ಲ. ನನ್ನ ಕೈ ಹಿಡಕೊಂಡು ಕುಂತಿದ್ಲು."

ಡಾಕ್ಟರು ದುರಗವ್ವನನ್ನು ಕರೆದು ಕೇಳಿದರು. ಬಲಗೈ ಇರಬೇಕು ಅಂದಳು ದುರಗವ್ವ, ಆಮೇಲೆ ಎಡಗೈ ಅಂದಳು, ಗಾಬರಿಯಲ್ಲಿ ನೆನಪಿಲ್ಲ ಅಂದಳು. ಯಾವ ಕೈ ಎಂದು ಖಚಿತವಾಗದೆ ಡಾಕ್ಟರು ಹಳೆಯ ಗುಳಿಗೆಯನ್ನೇ ಅರ್ಧ ಹೆಚ್ಚಿಸಿ ಬರೆದರು. ಕಾಂಚನಾ ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ ವಿಡಿಯೊ ಇಲ್ಲ ಎಂದು ಬರೆದು, ಮುಂದಿನವರ ಚೀಟಿಗೆ ಕೈ ಚಾಚಿದಳು.